ಪಂಪ್ ನಿಂತರೂ ನಿಲ್ಲದ ಹರಿವು: ಎರಡು ಜಲಪದರ ಮುಟ್ಟುವ ಕೊಳವೆಬಾವಿಯನ್ನು ಮಾಡ್‌ಫ್ಲೋನಲ್ಲಿ ಕಟ್ಟಿದ ಕಥೆ

ನಾನು ಕಟ್ಟುತ್ತಿದ್ದ ಒಂದು ದೊಡ್ಡ ಅಂತರ್ಜಲ ಮಾದರಿಯಲ್ಲಿ ಒಂಬತ್ತು ಬಾವಿಗಳ ಲೆಕ್ಕದ ಮಟ್ಟ ಅಳೆದ ಮಟ್ಟಕ್ಕೆ ಹೊಂದಿಕೊಳ್ಳಲೇ ಇಲ್ಲ. ಮೇಲಿನ ಜಲಪದರದಲ್ಲಿ ನೀರಿನ ಮಟ್ಟ ಎತ್ತರದಲ್ಲಿತ್ತು. ಕೆಳಗಿನ ಪದರದ್ದು ಅದಕ್ಕಿಂತ ಸುಮಾರು 10 ಮೀಟರ್ ತಗ್ಗು. ಬಾವಿಗಳಲ್ಲಿ ಅಳೆದ ಮಟ್ಟ ಮಾತ್ರ ಎರಡಕ್ಕೂ ಸೇರದೆ ನಡುವೆ ಎಲ್ಲೋ ನಿಂತಿತ್ತು. ನಡುವಿನ ಜೇಡಿಪದರ ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಸೋರುತ್ತಿರಬೇಕು ಅಂತ ಅದರ ವಾಹಕತೆಯನ್ನು, ಅಂದರೆ ನೀರು ಅದರಲ್ಲಿ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವ ಅಳತೆಯನ್ನು, ಏರಿಸುತ್ತಾ ಹೋದೆ. ಹತ್ತು ಪಟ್ಟು, ಇಪ್ಪತ್ತು ಪಟ್ಟು, ನಲವತ್ತು ಪಟ್ಟು. ಅಂಕಿಗಳು ನಿಧಾನವಾಗಿ ಹತ್ತಿರ ಬಂದವು. ಆದರೆ ಅಷ್ಟು ಹೊತ್ತಿಗೆ ಆ ಜೇಡಿ ಜೇಡಿಯಾಗಿ ಉಳಿದಿರಲಿಲ್ಲ. ಕೊರೆದು ತೆಗೆದ ಮಣ್ಣಿನ ತುಂಡುಗಳನ್ನು ಕೈಯಲ್ಲಿ ಹಿಡಿದು ನೋಡಿದ್ದೆ. ಅಷ್ಟು ಬಿಗಿಯಾದ ಮಣ್ಣು ಹೀಗೆ ಸೋರುವುದು ಸಾಧ್ಯವೇ ಇಲ್ಲ.

ಎರಡು ವಾರ ಹೀಗೇ ಕಳೆಯಿತು. ಕೊನೆಗೆ ಬಾವಿಗಳ ಕೊರೆತದ ದಾಖಲೆಗಳನ್ನು ಮತ್ತೆ ತೆಗೆದು ಓದಿದೆ. ಉತ್ತರ ಅಲ್ಲೇ ಇತ್ತು. ಒಂಬತ್ತರಲ್ಲಿ ಏಳು ಬಾವಿಗಳಿಗೆ ಎರಡೂ ಜಲಪದರಗಳಲ್ಲಿ ಸ್ಕ್ರೀನ್, ಅಂದರೆ ನೀರು ಒಳಬರುವ ಜಾಲರಿ ಕೊಳವೆ, ಇಳಿಸಿದ್ದರು. ಅಂದರೆ ಸೋರುತ್ತಿದ್ದದ್ದು ಜೇಡಿಯಲ್ಲ, ಬಾವಿಗಳೇ.

ನನ್ನ ಮಾದರಿಯಲ್ಲಿ ಆ ಬಾವಿಗಳು ಬರೀ ಪಂಪುಗಳಾಗಿದ್ದವು. ಪ್ರತಿ ಪದರದಿಂದ ಇಷ್ಟಿಷ್ಟು ನೀರು ತೆಗೆ ಅಂತ ಎರಡು ಸಾಲು ಬರೆದಿದ್ದೆ, ಅಷ್ಟೇ. ಎರಡು ಪದರಗಳನ್ನು ಒಂದು ಕೊಳವೆ ಜೋಡಿಸಿದೆ ಅನ್ನುವ ಸಂಗತಿ ಮಾದರಿಗೆ ಗೊತ್ತೇ ಇರಲಿಲ್ಲ.

ದೊಡ್ಡ ಮಾದರಿಯಲ್ಲೇ ಇದನ್ನು ಸರಿಪಡಿಸಲು ಹೊರಟರೆ ಯಾವ ಬದಲಾವಣೆಯಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಹಾಗಾಗಿ ಅದನ್ನು ಪಕ್ಕಕ್ಕಿಟ್ಟು, ಕಾಗದದ ಮೇಲೆ ಕೈಲೆಕ್ಕ ಮಾಡಿ ತಾಳೆ ನೋಡಬಹುದಾದ ಒಂದು ಪುಟ್ಟ ಮಾದರಿ ಕಟ್ಟಿದೆ. ಈ ಬರಹ ಅದರ ದಾಖಲೆ.

ಪುಟ್ಟ ಮಾದರಿ

ಸಲಕರಣೆ ಎರಡೇ: ಅಂತರ್ಜಲದ ಹರಿವನ್ನು ಲೆಕ್ಕ ಹಾಕುವ ತಂತ್ರಾಂಶ ಮಾಡ್‌ಫ್ಲೋ 6, ಮತ್ತು ಅದಕ್ಕೆ ಪೈಥಾನ್‌ನಿಂದ ಕಡತ ಬರೆದುಕೊಡುವ ಫ್ಲೋಪೈ. ಎರಡೂ ಉಚಿತ.

ನೆಲವನ್ನು ಚೌಕಗಳಾಗಿ ಕತ್ತರಿಸಿದ ಗ್ರಿಡ್ 101 ಅಡ್ಡಸಾಲು, 101 ಉದ್ದಸಾಲು, 3 ಪದರ. ಪ್ರತಿ ಸೆಲ್, ಅಂದರೆ ಗ್ರಿಡ್‌ನ ಒಂದು ಮನೆ, 100 ಮೀಟರ್ ಚೌಕ. ಮೇಲಿನ ಜಲಪದರದ ದಪ್ಪ 20 ಮೀಟರ್, ವಾಹಕತೆ ದಿನಕ್ಕೆ 5 ಮೀಟರ್. ಎರಡನ್ನೂ ಗುಣಿಸಿದರೆ ಟ್ರಾನ್ಸ್‌ಮಿಸಿವಿಟಿ, ಅಂದರೆ ಇಡೀ ಪದರದ ನೀರು ಸಾಗಿಸುವ ಶಕ್ತಿ, 100. ಕೆಳಗಿನದರ ದಪ್ಪ 40 ಮೀಟರ್, ವಾಹಕತೆ 10, ಟ್ರಾನ್ಸ್‌ಮಿಸಿವಿಟಿ 400. ನಡುವೆ 10 ಮೀಟರ್ ಜೇಡಿ, ಅದರ ವಾಹಕತೆ ದಿನಕ್ಕೆ 0.0000001 ಮೀಟರ್. ಇಷ್ಟು ಬಿಗಿ ಜೇಡಿಯನ್ನು ಬೇಕಂತಲೇ ಇಟ್ಟೆ. ಜೇಡಿಯ ಮೂಲಕ ಏನೂ ಹೋಗದಿದ್ದರೆ ಬಾವಿ ಮಾಡುವ ಕೆಲಸ ಮಾತ್ರ ಬೇರೆಯಾಗಿ ಕಾಣುತ್ತದೆ, ಅಲ್ವಾ?

ಅಂಚಿನ ಸೆಲ್‌ಗಳಲ್ಲಿ ಹೆಡ್ ಸ್ಥಿರ. ಹೆಡ್ ಅಂದರೆ ಆ ಪದರಕ್ಕೆ ಮಾತ್ರ ಒಂದು ಕೊಳವೆ ಇಳಿಸಿದರೆ ನೀರು ಎಷ್ಟು ಎತ್ತರಕ್ಕೆ ಏರಿ ನಿಲ್ಲುತ್ತದೋ ಆ ಮಟ್ಟ. ಮೇಲಿನ ಪದರಕ್ಕೆ 60 ಮೀಟರ್, ಕೆಳಗಿನದಕ್ಕೆ 50 ಮೀಟರ್ ಕೊಟ್ಟೆ. ಮೇಲಿನ ಪದರದ ಚಾವಣಿಯನ್ನು 30 ಮೀಟರ್ ಎತ್ತರದಲ್ಲಿ ಇಟ್ಟೆ. ಹಾಗಾಗಿ ಎರಡೂ ಪದರ ಯಾವಾಗಲೂ ಪೂರ್ತಿ ತುಂಬಿದ, ಒತ್ತಡದ ಪದರಗಳು. ಅರ್ಧ ಒಣಗಿದ ಸೆಲ್‌ಗಳ ಕಿರಿಕಿರಿ ಈ ಪರೀಕ್ಷೆಗೆ ಬೇಡ. ಬಾವಿ ನಟ್ಟನಡುವಿನ ಸೆಲ್‌ನಲ್ಲಿ, ಅದರ ತ್ರಿಜ್ಯ 10 ಸೆಂಟಿಮೀಟರ್.

ಮೊದಲ ಪ್ರಯತ್ನ: ಹಂಚಿ ಕೊಡುವುದು

ಬಹಳ ಜನ ಮಾಡುವುದು ಇದನ್ನೇ. ನಾನೂ ದೊಡ್ಡ ಮಾದರಿಯಲ್ಲಿ ಇದನ್ನೇ ಮಾಡಿದ್ದೆ. ಬಾವಿ ದಿನಕ್ಕೆ 1000 ಘನ ಮೀಟರ್ ಎತ್ತುತ್ತದೆ ಅಂದುಕೊಳ್ಳಿ. ಅದನ್ನು ಟ್ರಾನ್ಸ್‌ಮಿಸಿವಿಟಿಯ ಅನುಪಾತದಲ್ಲಿ, ಅಂದರೆ 1ಕ್ಕೆ 4ರಂತೆ, ಎರಡು ಪದರಗಳಿಗೆ ಹಂಚಬೇಕು. ಮೇಲಿನಿಂದ 200, ಕೆಳಗಿನಿಂದ 800. ಮಾಡ್‌ಫ್ಲೋನಲ್ಲಿ ಪಂಪಿಂಗ್ ಅಂಕಿ ಬರೆಯುವ ಭಾಗವಾದ ವೆಲ್ ಪ್ಯಾಕೇಜ್‌ನಲ್ಲಿ ಎರಡು ಸಾಲು ಬರೆದರೆ ಮುಗಿಯಿತು.

ಓಡಿಸಿದೆ. ಬಾವಿಯ ಸೆಲ್‌ನಲ್ಲಿ ಮೇಲಿನ ಪದರದ ಹೆಡ್ 58.2, ಕೆಳಗಿನದರದ್ದು 48.2.

ಈ ಎರಡು ಅಂಕಿಗಳ ಮುಂದೆ ಸ್ವಲ್ಪ ಹೊತ್ತು ಕೂತೆ. ಎರಡೂ ಪದರ ಒಂದೇ ಕೊಳವೆಗೆ ತೆರೆದುಕೊಂಡಿವೆ. ಕೊಳವೆಯೊಳಗೆ ನೀರಿನ ಮಟ್ಟ ಇರುವುದು ಒಂದೇ. ಪಂಪ್ ಅಷ್ಟೊಂದು ಎಳೆಯುತ್ತಿದ್ದರೂ ಅಕ್ಕಪಕ್ಕದ ಹೆಡ್‌ಗಳ ನಡುವಿನ 10 ಮೀಟರ್ ಅಂತರ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಿಲ್ಲ. ಇನ್ನೂ ಕೆಟ್ಟದ್ದು ಪಂಪ್ ನಿಲ್ಲಿಸಿದಾಗ ಕಾಣುತ್ತದೆ. ಹರಿವು ಸೊನ್ನೆ ಅಂತ ಬರೆದ ಕ್ಷಣ ಆ ಬಾವಿ ಮಾದರಿಯಿಂದಲೇ ಮಾಯ. ನೆಲದಲ್ಲಿ ಕೊಳವೆ ಹಾಗೇ ಇದೆ, ಮಾದರಿಯಲ್ಲಿ ಮಾತ್ರ ಇಲ್ಲ.

ಇದು ಹೊಸ ವಿಷಯ ಏನಲ್ಲ. ಮಾಡ್‌ಫ್ಲೋನ 1988ರ ಕೈಪಿಡಿ ಈ ಹಂಚಿಕೆಯನ್ನು ಹೇಳುವಾಗಲೇ, ಬಾವಿ ಪದರಗಳನ್ನು ಜೋಡಿಸುವ ಪರಿಣಾಮ ಇದರಲ್ಲಿ ಬರುವುದಿಲ್ಲ ಅಂತ ಎಚ್ಚರಿಸಿತ್ತು.

ಎರಡನೇ ಪ್ರಯತ್ನ: ಕಂಬ ಕೊರೆಯುವುದು

ಇದು ಜನಪ್ರಿಯವಾದ ಅಡ್ಡದಾರಿ. ಬಾವಿ ಇರುವ ಸೆಲ್‌ನಲ್ಲಿ ಮೂರೂ ಪದರಗಳ ಲಂಬ ವಾಹಕತೆಯನ್ನು ವಿಪರೀತ ಏರಿಸಿಬಿಡುವುದು. ಆಗ ಮೇಲಿನ ಸೆಲ್ಲೂ ಕೆಳಗಿನ ಸೆಲ್ಲೂ ಒಂದೇ ಹೆಡ್‌ಗೆ ಬರುತ್ತವೆ, ನೀರು ತಾನಾಗಿ ಇಳಿಯುತ್ತದೆ.

ಪಂಪ್ ನಿಲ್ಲಿಸಿ ಓಡಿಸಿದೆ. ಎರಡೂ ಸೆಲ್‌ಗಳ ಹೆಡ್ 52.0ಕ್ಕೆ ಬಂತು. ಮೇಲಿನ ಪದರದಿಂದ ಕೆಳಕ್ಕೆ ದಿನಕ್ಕೆ 896 ಘನ ಮೀಟರ್ ಇಳಿಯುತ್ತಿತ್ತು. ಇದೇ ಸರಿ ಅಂತ ಒಪ್ಪಿಕೊಳ್ಳುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿದೆ. ಸೆಲ್ ಗಾತ್ರವನ್ನು 100 ಮೀಟರ್‌ನಿಂದ 500 ಮೀಟರ್‌ಗೆ ಏರಿಸಿ, ಬೇರೇನೂ ಬದಲಿಸದೆ ಮತ್ತೆ ಓಡಿಸಿದೆ. ಈ ಬಾರಿ 1257.

ನೆಲ ಅದೇ, ಬಾವಿ ಅದೇ, ಪದರಗಳೂ ಅವೇ. ಗ್ರಿಡ್ ಬದಲಾದ ಮಾತ್ರಕ್ಕೆ ಹರಿವು ಬದಲಾಗಬಾರದು. ಕಾರಣ ಸುಲಭ. ನಾನು ಕೊರೆದದ್ದು 20 ಸೆಂಟಿಮೀಟರ್ ಅಗಲದ ಬಾವಿಯಲ್ಲ, 100 ಮೀಟರ್ ಚೌಕದ ಒಂದು ಗಣಿಗುಂಡಿ. ಸೆಲ್ ದೊಡ್ಡದಾದರೆ ಗುಂಡಿಯೂ ದೊಡ್ಡದು. ಇದರ ಜೊತೆಗೆ ಪಕ್ಕದ ಸೆಲ್‌ಗಳಿಗೂ ಈ ಕಂಬಕ್ಕೂ ವಾಹಕತೆಯಲ್ಲಿ ಭೂಮಿ ಆಕಾಶದ ಅಂತರ ಇರುವುದರಿಂದ ಲೆಕ್ಕ ಒಂದು ಉತ್ತರದಲ್ಲಿ ನೆಲೆ ನಿಲ್ಲಲು ಒದ್ದಾಡುತ್ತದೆ. ನನ್ನ ಪುಟ್ಟ ಮಾದರಿ ಹೇಗೋ ದಾಟಿತು. ದೊಡ್ಡದರಲ್ಲಿ ಇದು ತಲೆನೋವೇ.

ಸೆಲ್‌ನ ಹೆಡ್ ಬಾವಿಯ ಹೆಡ್ ಅಲ್ಲ

ಇಲ್ಲಿ ಸ್ವಲ್ಪ ನಿಲ್ಲಬೇಕು. ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಬಾವಿಯ ಸುತ್ತ ನೀರಿನ ಮಟ್ಟ ಆಲಿಕೆಯಂತೆ ಕುಸಿಯುತ್ತದೆ. ಬಾವಿಗೆ ಹತ್ತಿರ ಹೋದಷ್ಟೂ ಇಳಿಜಾರು ಕಡಿದು. 100 ಮೀಟರ್ ಸೆಲ್‌ಗೆ ಮಾದರಿ ಕೊಡುವುದು ಒಂದೇ ಹೆಡ್. ಅದು ಆ ಆಲಿಕೆಯ ಯಾವುದೋ ಒಂದು ಜಾಗದ ಮಟ್ಟ ಆಗಿರಬೇಕು. ಯಾವ ಜಾಗ? ಪೆಟ್ರೋಲಿಯಂ ನಿಕ್ಷೇಪಗಳ ಮಾದರಿ ಮಾಡುತ್ತಿದ್ದ ಪೀಸ್‌ಮನ್ 1978ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಚೌಕ ಗ್ರಿಡ್‌ನಲ್ಲಿ ಅದು ಬಾವಿಯಿಂದ ಸೆಲ್ ಅಗಲದ ಸುಮಾರು ಐದನೇ ಒಂದು ಭಾಗದಷ್ಟು ದೂರದ ಮಟ್ಟ. ಲೆಕ್ಕಕ್ಕೆ ಬಳಸುವ ಸೂತ್ರದಂತೆ ನನ್ನ ಗ್ರಿಡ್‌ನಲ್ಲಿ ಅದು 19.8 ಮೀಟರ್.

ಅಂದರೆ ಮಾದರಿಗೆ ಕಾಣುವುದು ಬಾವಿಯಿಂದ 19.8 ಮೀಟರ್ ದೂರದವರೆಗೆ ಮಾತ್ರ. ಅಲ್ಲಿಂದ ಬಾವಿಯ ಗೋಡೆವರೆಗಿನ ಕಡಿದಾದ ಕುಸಿತ ಅದಕ್ಕೆ ಕಾಣುವುದಿಲ್ಲ. ಆ ಕೊನೆಯ ತುಂಡಿಗೆ ಥೀಮ್ ಸಮೀಕರಣ, ಅಂದರೆ ಬಾವಿಯ ಸುತ್ತ ಮಟ್ಟ ಹೇಗೆ ಕುಸಿಯುತ್ತದೆ ಅಂತ ಹೇಳುವ ಸೂತ್ರ, ಬೇಕು. ಅದರಿಂದ ಬಾವಿಗೂ ಸೆಲ್‌ಗೂ ನಡುವೆ ಒಂದು ಕಂಡಕ್ಟೆನ್ಸ್, ಅಂದರೆ ಒಂದು ಮೀಟರ್ ಹೆಡ್ ಅಂತರಕ್ಕೆ ಎಷ್ಟು ನೀರು ಹರಿಯುತ್ತದೆ ಅನ್ನುವ ಅಂಕಿ, ಸಿಗುತ್ತದೆ: ಎರಡು ಪೈ ಗುಣಿಸು ಟ್ರಾನ್ಸ್‌ಮಿಸಿವಿಟಿ, ಭಾಗಿಸು 19.8 ಮತ್ತು 0.1ರ ಅನುಪಾತದ ಸ್ವಾಭಾವಿಕ ಲಾಗರಿದಮ್. ಆ ಲಾಗರಿದಮ್ 5.29. ಮೇಲಿನ ಪದರಕ್ಕೆ ಕಂಡಕ್ಟೆನ್ಸ್ ಸುಮಾರು 119, ಕೆಳಗಿನದಕ್ಕೆ 475.

ಈ ಕೊನೆಯ ತುಂಡು ಸಣ್ಣದು ಅಂತ ಬಿಟ್ಟರೆ ಏನಾಗುತ್ತದೆ ನೋಡಿ. ಅಂಚಿನಿಂದ 19.8 ಮೀಟರ್‌ವರೆಗಿನ ಲಾಗರಿದಮ್ 5.61. ಐದು ಕಿಲೋಮೀಟರ್ ದೂರವೂ ಕೊನೆಯ 20 ಮೀಟರ್ ದೂರವೂ ಹೆಚ್ಚುಕಡಿಮೆ ಒಂದೇ ಸಮ ತಡೆ ಒಡ್ಡುತ್ತವೆ. ಕಂಬ ಕೊರೆದಾಗ ನಾನು ಆ ಅರ್ಧ ತಡೆಯನ್ನೇ ಕಿತ್ತುಹಾಕಿದ್ದೆ.

ಇನ್ನು ಕೈಲೆಕ್ಕ. ಅಂಚು ವೃತ್ತವಲ್ಲ, 10 ಕಿಲೋಮೀಟರ್ ಚೌಕ. ಅದಕ್ಕೆ ಸಮನಾದ ವೃತ್ತದ ತ್ರಿಜ್ಯ 5393 ಮೀಟರ್. ಅಂಚಿನಿಂದ ಬಾವಿಯ ಗೋಡೆವರೆಗೆ ಒಟ್ಟು ಲಾಗರಿದಮ್ 10.9. ಹಾಗಾದರೆ ಒಟ್ಟು ಕಂಡಕ್ಟೆನ್ಸ್ ಮೇಲಿನ ಪದರಕ್ಕೆ 57.7, ಕೆಳಗಿನದಕ್ಕೆ 230.7. ಪಂಪ್ ಓಡದಿದ್ದಾಗ ಬಾವಿಗೆ ಬಂದ ನೀರಷ್ಟೂ ಬಾವಿಯಿಂದ ಹೋಗಬೇಕು. ಹಾಗಾಗಿ ಬಾವಿಯ ಮಟ್ಟ ಎರಡು ಹೆಡ್‌ಗಳ ತೂಕದ ಸರಾಸರಿ, ತೂಕ ಟ್ರಾನ್ಸ್‌ಮಿಸಿವಿಟಿಯದು. 1963ರಲ್ಲೇ ಸೋಕೋಲ್ ಇದನ್ನು ತೋರಿಸಿದ್ದರು. 60ಕ್ಕೆ ಒಂದು ಪಾಲು, 50ಕ್ಕೆ ನಾಲ್ಕು ಪಾಲು: 52.0 ಮೀಟರ್. ಹರಿವು 57.7 ಗುಣಿಸು 8, ಅಂದರೆ ದಿನಕ್ಕೆ 461 ಘನ ಮೀಟರ್.

ಕಂಬದ ಮಾದರಿಯಲ್ಲಿ ಬಾವಿಯ ಮಟ್ಟ ಸರಿಯಾಗಿ 52 ಬಂದಿತ್ತು, ಗಮನಿಸಿದಿರಾ? ಮಟ್ಟ ಸರಿ, ಹರಿವು ಮಾತ್ರ ಸುಮಾರು ಎರಡು ಪಟ್ಟು. ಬರೀ ನೀರಿನ ಮಟ್ಟ ನೋಡಿ ಹೊಂದಿಸುವವರಿಗೆ ಈ ತಪ್ಪು ಎಂದೂ ಕಾಣುವುದಿಲ್ಲ.

ಮೂರನೇ ಪ್ರಯತ್ನ: ಬಾವಿಗೆ ತನ್ನದೇ ಹೆಡ್

ಮಾಡ್‌ಫ್ಲೋನಲ್ಲಿ ಇದಕ್ಕೆ ಹಳೆಯ ಪರಂಪರೆಯೇ ಇದೆ. 2002ರಲ್ಲಿ ಮಲ್ಟಿನೋಡ್ ವೆಲ್ ಅನ್ನುವ ಪ್ಯಾಕೇಜ್ ಬಂತು, 2009ರಲ್ಲಿ ಅದರ ಎರಡನೇ ರೂಪ. 2017ರಲ್ಲಿ ಬಂದ ಮಾಡ್‌ಫ್ಲೋ 6ರಲ್ಲಿ ಇದರ ಹೆಸರು ಮಲ್ಟಿ ಅಕ್ವಿಫರ್ ವೆಲ್, ಸಂಕ್ಷಿಪ್ತವಾಗಿ ಎಂಎಡಬ್ಲ್ಯೂ. ಇದರಲ್ಲಿ ನನಗೆ ತುಂಬಾ ಇಷ್ಟವಾದ ವಿಷಯ ಒಂದಿದೆ. ಬಾವಿಯ ಹೆಡ್ ಕೂಡ ಒಂದು ಅಜ್ಞಾತ. ಸೆಲ್‌ಗಳ ಸಮೀಕರಣಗಳ ಪಟ್ಟಿಗೇ ಬಾವಿಗೂ ಒಂದು ಸಾಲು ಸೇರುತ್ತದೆ, ಎಲ್ಲವೂ ಒಟ್ಟಿಗೆ ಬಿಡಿಸಲ್ಪಡುತ್ತವೆ.

ಫ್ಲೋಪೈನಲ್ಲಿ ಮೂರು ಭಾಗ ತುಂಬಬೇಕು. ಮೊದಲನೆಯದು ಬಾವಿಯ ವಿವರ: ತ್ರಿಜ್ಯ, ತಳದ ಎತ್ತರ, ಆರಂಭದ ಮಟ್ಟ, ಕಂಡಕ್ಟೆನ್ಸ್ ಲೆಕ್ಕ ಹಾಕುವ ಬಗೆ, ಎಷ್ಟು ಸಂಪರ್ಕ. ಎರಡನೆಯದು ಪ್ರತಿ ಸಂಪರ್ಕಕ್ಕೆ ಸೆಲ್, ಸ್ಕ್ರೀನ್‌ನ ಮೇಲ್ತುದಿ, ಕೆಳತುದಿ, ಬಾವಿಯ ಗೋಡೆಗೆ ಮೆತ್ತಿದ ಪದರದ ವಾಹಕತೆ ಮತ್ತು ತ್ರಿಜ್ಯ (ಇದರ ಬಗ್ಗೆ ಮುಂದೆ). ಮೂರನೆಯದು ಅವಧಿಗಳ ಪ್ರಕಾರ ಪಂಪಿಂಗ್. ನೀರು ತೆಗೆಯುವುದಕ್ಕೆ ಋಣ ಚಿಹ್ನೆ.

ಮೊದಲ ಓಟದಲ್ಲಿ ಹರಿವು ಹೆಚ್ಚುಕಡಿಮೆ ಸೊನ್ನೆ, ಬಾವಿಯ ಮಟ್ಟ 60. ಐದು ನಿಮಿಷದಲ್ಲಿ ಕಾರಣ ಸಿಕ್ಕಿತು. ಫ್ಲೋಪೈ ಎಣಿಕೆ ಸೊನ್ನೆಯಿಂದ ಶುರು. ಎರಡು ಜಲಪದರ ಅಂತ ಮನಸ್ಸಿನಲ್ಲಿ ಇಟ್ಟುಕೊಂಡು 0 ಮತ್ತು 1 ಅಂತ ಬರೆದಿದ್ದೆ. 1 ಅಂದರೆ ಜೇಡಿ. ಬರೆಯಬೇಕಾದದ್ದು 0 ಮತ್ತು 2.

ತಿದ್ದಿ ಓಡಿಸಿದೆ. ಬಾವಿಯ ಮಟ್ಟ 52.0 ಬಂತು. ಮೇಲಿನ ಸೆಲ್ 55.9, ಕೆಳಗಿನ ಸೆಲ್ 51.0. ಆದರೆ ನನ್ನ ಪುಟ್ಟ ಸ್ಕ್ರಿಪ್ಟ್ ಬಾವಿಯ ಹರಿವು ಸೊನ್ನೆ ಅಂತ ಅಚ್ಚು ಹಾಕಿತು. ಮಟ್ಟ ಸರಿ ಇದ್ದು ಹರಿವು ಸೊನ್ನೆ ಹೇಗಾದೀತು? ಸ್ಕ್ರಿಪ್ಟ್ ಒಳಹರಿವು ಹೊರಹರಿವು ಎರಡನ್ನೂ ಕೂಡಿಸಿಬಿಟ್ಟಿತ್ತು. ಫಲಿತಾಂಶದ ಕಡತದ ಜಮಾಖರ್ಚಿನಲ್ಲಿ ಎಂಎಡಬ್ಲ್ಯೂ ಎರಡೂ ಕಡೆ ಇದೆ, ಒಳಗೆ 461, ಹೊರಗೆ 461. ಬಾವಿ ಒಂದು ಪದರದಿಂದ ತೆಗೆದು ಇನ್ನೊಂದಕ್ಕೆ ಕೊಟ್ಟಿದೆ, ಒಟ್ಟು ಸೊನ್ನೆ ಆಗಲೇಬೇಕು. ನಿವ್ವಳ ಮೊತ್ತವನ್ನು ಮಾತ್ರ ನೋಡುವ ಅಭ್ಯಾಸ ಇದ್ದರೆ ದಯವಿಟ್ಟು ಬಿಟ್ಟುಬಿಡಿ. ಎಂಎಡಬ್ಲ್ಯೂಗೆ ತನ್ನದೇ ಹರಿವಿನ ಕಡತ ಬರೆಯಲು ಹೇಳಬಹುದು. ಅದರಲ್ಲಿ ಪ್ರತಿ ಸಂಪರ್ಕದ ಹರಿವು ಬೇರೆಬೇರೆಯಾಗಿ ಸಿಗುತ್ತದೆ.

ಗ್ರಿಡ್ ಅನ್ನು 500 ಮೀಟರ್‌ಗೆ ಏರಿಸಿ ಮತ್ತೆ ಓಡಿಸಿದೆ. ಆಗಲೂ 461. ಸೆಲ್ ದೊಡ್ಡದಾದಾಗ ಮಾದರಿಗೆ ಕಾಣದ ತುಂಡು ಉದ್ದವಾಗುತ್ತದೆ, ಥೀಮ್ ಸಮೀಕರಣ ಅಷ್ಟನ್ನೂ ತುಂಬಿಕೊಡುತ್ತದೆ.

461 ಘನ ಮೀಟರ್ ಅಂದರೆ 4.61 ಲಕ್ಷ ಲೀಟರ್. ದಿನಕ್ಕೆ. ಪಂಪ್ ಇಲ್ಲದೆ, ವಿದ್ಯುತ್ ಇಲ್ಲದೆ, ಯಾರಿಗೂ ಕಾಣದೆ. ಅದೇ ಮಾದರಿಯಲ್ಲಿ 100 ಚದರ ಕಿಲೋಮೀಟರ್ ಜೇಡಿ ಪೂರ್ತಿಯಾಗಿ ಸೋರುವುದು ದಿನಕ್ಕೆ ಸುಮಾರು 10 ಘನ ಮೀಟರ್. ಒಂದು ಗೇಣು ಅಗಲದ ತೂತು ಅದರ 45 ಪಟ್ಟು ನೀರು ಇಳಿಸುತ್ತಿದೆ. ದೊಡ್ಡ ಮಾದರಿಯಲ್ಲಿ ಜೇಡಿಯನ್ನು ನಲವತ್ತು ಪಟ್ಟು ಏರಿಸುವವರೆಗೆ ನನ್ನನ್ನು ಎಳೆದೊಯ್ದದ್ದು ಏನು ಅಂತ ಇಲ್ಲಿ ಗೊತ್ತಾಯಿತು.

ಪಂಪ್ ಹಾಕಿದಾಗ

ಈಗ 1000 ಘನ ಮೀಟರ್ ಪಂಪಿಂಗ್ ಸೇರಿಸಿದೆ. ಬಾವಿಯ ಮಟ್ಟ 48.5ಕ್ಕೆ ಇಳಿಯಿತು. ಮೇಲಿನ ಪದರ ಕೊಟ್ಟದ್ದು 661, ಕೆಳಗಿನದು 339.

ಹಂಚಿಕೆಯ ಲೆಕ್ಕ ಹೇಳಿದ್ದು 200 ಮತ್ತು 800. ಹೆಚ್ಚು ಕೊಡುವ ಪದರ ಯಾವುದು ಅನ್ನುವುದೇ ತಿರುಗುಮುರುಗು! ಮೇಲಿನ ಪದರಕ್ಕೆ ಮಳೆನೀರು ಸೇರುತ್ತದೆ, ಕೆರೆ ತೊರೆಗಳು ಅದಕ್ಕೆ ಅಂಟಿಕೊಂಡಿರುತ್ತವೆ. ಅಲ್ಲಿಂದ 200 ತೆಗೆದಿದ್ದೇವೆ ಅಂದುಕೊಂಡು ನಿಜವಾಗಿ 661 ತೆಗೆದರೆ ಆ ಮಾದರಿಯ ಮೇಲೆ ನಿಂತ ಯಾವ ತೀರ್ಮಾನವೂ ನಿಲ್ಲುವುದಿಲ್ಲ.

ಆದರೆ 661ರಲ್ಲಿ 200 ಕಳೆದು ನೋಡಿ. 461. ಕೆಳಗಿನದಕ್ಕೆ 800ರಲ್ಲಿ 339 ಕಳೆದರೂ 461. ಇದು ಆಕಸ್ಮಿಕ ಅಲ್ಲ. ಒತ್ತಡದ ಪದರಗಳಲ್ಲಿ ಸಮೀಕರಣಗಳು ರೇಖೀಯ, ಹಾಗಾಗಿ ಪರಿಣಾಮಗಳನ್ನು ಒಂದರ ಮೇಲೊಂದು ಕೂಡಿಸಬಹುದು. ಪಂಪ್‌ನಿಂದ ಆಗುವ ಬದಲಾವಣೆ ನಿಜಕ್ಕೂ 200 ಮತ್ತು 800 ಆಗಿಯೇ ಹಂಚಿಕೆಯಾಗುತ್ತದೆ. ಅದರ ಕೆಳಗೆ ಪಂಪ್ ಇದ್ದರೂ ಇಲ್ಲದಿದ್ದರೂ ಹರಿಯುವ 461 ಇದೆ. ಹಳೆಯ ಹಂಚಿಕೆಯ ಲೆಕ್ಕ ಬಿಟ್ಟದ್ದು ಅದನ್ನು.

ಇದು ಹೊಳೆದಾಗ, ಹಾಗಾದರೆ ವೆಲ್ ಪ್ಯಾಕೇಜ್‌ನಲ್ಲೇ ಒಂದು ಪದರಕ್ಕೆ 461 ಕೂಡಿಸಿ ಇನ್ನೊಂದಕ್ಕೆ ಕಳೆದರೆ ಸಾಕಲ್ವಾ ಅನ್ನಿಸಿತು. ಸಾಲದು. ಅಂಚಿನ ಹೆಡ್ ಬದಲಾದರೆ, ಮಳೆಗಾಲ ಬಂದರೆ, ಪಕ್ಕದಲ್ಲಿ ಇನ್ನೊಂದು ಬಾವಿ ಕೊರೆದರೆ ಆ 461 ಬದಲಾಗುತ್ತದೆ. ಅದನ್ನು ಮಾದರಿಯೇ ಕಂಡುಹಿಡಿಯಬೇಕು, ನಾವು ಮೊದಲೇ ಬರೆದಿಡಲು ಆಗುವುದಿಲ್ಲ.

ಪಂಪಿಂಗ್ ಅನ್ನು 500ಕ್ಕೆ ಇಳಿಸಿ ನೋಡಿದೆ. ಬಾವಿಯ ಮಟ್ಟ 50.27. ಮೇಲಿನಿಂದ 561 ಬರುತ್ತಿದೆ, ಪಂಪ್ 500 ಎತ್ತುತ್ತಿದೆ, ಉಳಿದ 61 ಕೆಳಗಿನ ಪದರಕ್ಕೆ ಇಳಿಯುತ್ತಿದೆ. ಪಂಪ್ ಓಡುತ್ತಿದ್ದರೂ ಕೆಳಗಿನ ಪದರಕ್ಕೆ ನೀರು ತುಂಬುತ್ತಲೇ ಇದೆ. ಈ ಬಾವಿಯಲ್ಲಿ ಪಂಪಿಂಗ್ 577 ದಾಟಿದ ಮೇಲೆ ಮಾತ್ರ ಕೆಳಗಿನ ಪದರ ನೀರು ಕೊಡಲು ಶುರು ಮಾಡುತ್ತದೆ. ನೀರಿನ ಗುಣಮಟ್ಟ ನೋಡುವವರಿಗೆ ಇದು ಬಹಳ ಮುಖ್ಯ. ಕಡಿಮೆ ಓಡುವ ಬಾವಿಯಿಂದ ಪರೀಕ್ಷೆಗೆ ತೆಗೆದ ನೀರು ಪೂರ್ತಿ ಮೇಲಿನ ಪದರದ್ದೇ ಆಗಿರಬಹುದು. ಮೇಲಿನ ಪದರದ ನೀರು ಕೆಟ್ಟಿದ್ದರೆ ಅದು ಕೆಳಗಿನ ಒಳ್ಳೆಯ ನೀರಿಗೆ ಸುಮ್ನೆ ಸೇರುತ್ತಾ ಇರುತ್ತದೆ.

ದಿನಕ್ಕೆ 12 ಗಂಟೆ ಓಡಿಸಿ 12 ಗಂಟೆ ನಿಲ್ಲಿಸುವ ಓಟವನ್ನೂ ಮಾಡಿದೆ, ಈ ಬಾರಿ ಪದರಗಳು ನೀರು ಹಿಡಿದಿಟ್ಟು ಬಿಡುವ ಸಂಗ್ರಹಣೆಯನ್ನೂ ಸೇರಿಸಿ. ಓಡುವಾಗ ದಿನಕ್ಕೆ 1000ದ ವೇಗ. ಹಲವು ವಾರ ಕಳೆದ ಮೇಲೆ ಸರಾಸರಿ ತೆಗೆದರೆ ಅದೇ ಉತ್ತರ: ಮೇಲಿನಿಂದ 561, ಕೆಳಗಿನದಕ್ಕೆ 61 ಜಮಾ. ಹಗಲು ಆ ಪದರದಿಂದ ತೆಗೆದದ್ದಕ್ಕಿಂತ ರಾತ್ರಿ ಅದಕ್ಕೆ ಇಳಿದದ್ದೇ ಜಾಸ್ತಿ. ಬಾವಿಯೊಳಗಿನ ನೀರಿನ ಸಂಗ್ರಹ ಇಲ್ಲಿ ಲೆಕ್ಕಕ್ಕೆ ಬರುವಷ್ಟು ದೊಡ್ಡದಲ್ಲ. 3.5 ಮೀಟರ್ ಮಟ್ಟ ಏರಲು ಬೇಕಾದದ್ದು ಸುಮಾರು 110 ಲೀಟರ್, ಅಷ್ಟೇ.

ಗೋಡೆಯ ತಡೆ, ಮತ್ತು ನನ್ನನ್ನು ದಾರಿ ತಪ್ಪಿಸಿದ ಒಂದು ಅಂಕಿ

ನಿಜವಾದ ಬಾವಿಯ ಗೋಡೆ ಶುದ್ಧವಾಗಿ ಇರುವುದಿಲ್ಲ. ಕೊರೆಯುವಾಗ ಬಳಸಿದ ಕೆಸರು ಸುತ್ತಲಿನ ಮಣ್ಣಿಗೆ ಮೆತ್ತಿಕೊಂಡು ಹರಿವಿಗೆ ತಡೆ ಒಡ್ಡುತ್ತದೆ. ಇದಕ್ಕೆ ಸ್ಕಿನ್ ಅನ್ನುತ್ತಾರೆ. 30 ಸೆಂಟಿಮೀಟರ್ ತ್ರಿಜ್ಯದವರೆಗೆ ವಾಹಕತೆ ದಿನಕ್ಕೆ 1 ಮೀಟರ್ ಅಂತ ಇಟ್ಟು, ಲೆಕ್ಕದ ಬಗೆಗೆ ಸ್ಕಿನ್ ಅಂತ ಆರಿಸಿದೆ. ಉತ್ತರ 453 ಬಂತು. ಮೊದಲು 461, ಈಗ 453. ಸ್ಕಿನ್‌ನಿಂದ ದೊಡ್ಡ ವ್ಯತ್ಯಾಸ ಇಲ್ಲ ಅಂತ ಟಿಪ್ಪಣಿ ಬರೆದು ಆ ದಿನ ಎದ್ದುಹೋದೆ.

ಮರುದಿನ ಕೈಲೆಕ್ಕ ಮಾಡಿದಾಗ 307 ಬಂತು. ಎಲ್ಲೋ ದೊಡ್ಡ ಎಡವಟ್ಟು ಆಗಿತ್ತು.

ಎಂಎಡಬ್ಲ್ಯೂನಲ್ಲಿ ಸ್ಕಿನ್ ಅನ್ನುವ ಆಯ್ಕೆ ಗೋಡೆಯ ತಡೆಯನ್ನು ಮಾತ್ರ ಲೆಕ್ಕ ಹಾಕುತ್ತದೆ. ಥೀಮ್‌ನ ತಡೆ ಅದರಲ್ಲಿ ಸೇರಿಲ್ಲ. ಎರಡೂ ಬೇಕಾದರೆ ಕ್ಯುಮುಲೇಟಿವ್ ಅನ್ನುವ ಆಯ್ಕೆ ಕೊಡಬೇಕು. ನಾನು ಸ್ಕಿನ್ ಸೇರಿಸುವಾಗ ಥೀಮ್ ಅನ್ನು ತೆಗೆದುಹಾಕಿದ್ದೆ. ತೆಗೆದ ತಡೆಯೂ ಸೇರಿಸಿದ ತಡೆಯೂ ಹೆಚ್ಚುಕಡಿಮೆ ಸಮ ಇದ್ದ ಕಾರಣ ಅಂಕಿ ಅಲುಗಾಡಲಿಲ್ಲ. ಕ್ಯುಮುಲೇಟಿವ್ ಕೊಟ್ಟ ಮೇಲೆ 307 ಬಂತು, ಬಾವಿಯ ಮಟ್ಟ 52.54. ಪಂಪಿಂಗ್ ಹಂಚಿಕೆಯೂ ಬದಲಾಯಿತು. 1000ಕ್ಕೆ ಮೇಲಿನ ಪದರದ ಪಾಲು 200ರ ಬದಲು 254. ಗೋಡೆಯ ತಡೆ ಒಳ್ಳೆಯ ಪದರವನ್ನು ಹೆಚ್ಚು ಬಾಧಿಸುತ್ತದೆ, ಅದಕ್ಕೆ. ಅಂದರೆ ಟ್ರಾನ್ಸ್‌ಮಿಸಿವಿಟಿ ಅನುಪಾತ ಪಂಪ್‌ನ ಪಾಲಿಗೂ ಸರಿಹೋಗುವುದು ಗೋಡೆ ಶುದ್ಧವಾಗಿದ್ದಾಗ ಮಾತ್ರ.

ಇನ್ನೊಂದು ಮಾತು. ಥೀಮ್ ಮತ್ತು ಸ್ಕಿನ್ ಆಯ್ಕೆಗಳಲ್ಲಿ ಸ್ಕ್ರೀನ್ ಆ ಸೆಲ್‌ನ ಪೂರ್ತಿ ದಪ್ಪಕ್ಕೆ ಇದೆ ಅಂತಲೇ ಎಂಎಡಬ್ಲ್ಯೂ ನಂಬುತ್ತದೆ. 40 ಮೀಟರ್ ಪದರದಲ್ಲಿ 6 ಮೀಟರ್ ಸ್ಕ್ರೀನ್ ಇದ್ದರೆ ಆ ಪದರವನ್ನು ಮಾದರಿಯಲ್ಲಿ ಹಲವು ತೆಳು ಪದರಗಳಾಗಿ ಒಡೆದು, ಸ್ಕ್ರೀನ್ ಇರುವ ಪದರಕ್ಕೆ ಮಾತ್ರ ಸಂಪರ್ಕ ಕೊಡುವುದು ನನಗೆ ಸರಿ ಕಂಡ ದಾರಿ. 2009ರ ಹಳೆಯ ಪ್ಯಾಕೇಜ್‌ನಲ್ಲಿ ಅರ್ಧಂಬರ್ಧ ಸ್ಕ್ರೀನ್‌ಗೆ ಬೇರೆ ತಿದ್ದುಪಡಿಯೇ ಇತ್ತು.

ಮತ್ತೆ ದೊಡ್ಡ ಮಾದರಿಗೆ

ಮೊದಲ ಕೆಲಸ, ಜೇಡಿಯ ವಾಹಕತೆಯನ್ನು ಪ್ರಯೋಗಾಲಯದ ಅಳತೆಗೆ ವಾಪಸ್ ತಂದೆ. ಎರಡನೆಯದು, ಎರಡು ಸ್ಕ್ರೀನ್ ಇದ್ದ ಏಳು ಬಾವಿಗಳನ್ನು ವೆಲ್ ಪ್ಯಾಕೇಜ್‌ನಿಂದ ತೆಗೆದು ಎಂಎಡಬ್ಲ್ಯೂಗೆ ಹಾಕಿದೆ. ಪಂಪ್ ತೆಗೆದು ಬರೀ ಮಟ್ಟ ಅಳೆಯಲು ಬಿಟ್ಟಿದ್ದ ಬಾವಿಗಳನ್ನೂ ಸೇರಿಸಿದೆ, ಪಂಪಿಂಗ್ ಸೊನ್ನೆ ಕೊಟ್ಟು. ಮೊದಲು ಇವುಗಳನ್ನು ಮಾದರಿಯಲ್ಲಿ ಇಡುವ ಅಗತ್ಯವೇ ಇಲ್ಲ ಅಂದುಕೊಂಡಿದ್ದೆ. ಮೂರನೆಯದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ತಿದ್ದುಪಡಿ. ಅಳೆದ ಮಟ್ಟವನ್ನು ಸೆಲ್‌ನ ಹೆಡ್ ಜೊತೆ ಹೋಲಿಸುವುದನ್ನು ನಿಲ್ಲಿಸಿ, ಎಂಎಡಬ್ಲ್ಯೂ ಕೊಡುವ ಬಾವಿಯ ಹೆಡ್ ಜೊತೆ ಹೋಲಿಸಿದೆ. ಟೇಪ್ ಇಳಿಸಿ ಅಳೆಯುವುದು ಕೊಳವೆಯೊಳಗಿನ ನೀರನ್ನು ತಾನೇ?

ಏಳು ಬಾವಿಗಳು ಜೇಡಿಯನ್ನು ಮುಟ್ಟದೆಯೇ ಹೊಂದಿಕೊಂಡವು.

ಎರಡು ಉಳಿದಿವೆ. ದಾಖಲೆಯ ಪ್ರಕಾರ ಅವುಗಳಿಗೆ ಕೆಳಗಿನ ಪದರದಲ್ಲಿ ಮಾತ್ರ ಸ್ಕ್ರೀನ್, ಮೇಲೆಲ್ಲ ತೂತಿಲ್ಲದ ಗಟ್ಟಿ ಕೊಳವೆ, ಅಂದರೆ ಕೇಸಿಂಗ್. ಆದರೂ ಮಟ್ಟ ಮೇಲಕ್ಕೆ ಎಳೆದಂತಿದೆ. ದಾಖಲೆಯ ಕೊನೆಯ ಸಾಲಿನಲ್ಲಿ ಒಂದು ಸುಳಿವಿದೆ: ಕೇಸಿಂಗ್‌ನ ಹೊರಗೆ ತಳದಿಂದ ಮೇಲಿನವರೆಗೂ ಜಲ್ಲಿ ತುಂಬಿದ್ದಾರೆ, ಜೇಡಿ ಇರುವ ಕಡೆ ಸಿಮೆಂಟ್ ಅಥವಾ ಬೆಂಟೊನೈಟ್ (ನೀರು ಕುಡಿದು ಉಬ್ಬುವ ಜೇಡಿ) ಬೆಣೆ ಇಲ್ಲ. ಪುಟ್ಟ ಮಾದರಿಯ ಅಳತೆಗಳನ್ನೇ ಇಟ್ಟುಕೊಂಡು ಒಂದು ಅಂದಾಜು ಮಾಡಿದೆ. 10 ಸೆಂಟಿಮೀಟರ್ ತ್ರಿಜ್ಯದ ಕೊಳವೆ, 15 ಸೆಂಟಿಮೀಟರ್ ತ್ರಿಜ್ಯದ ತೂತು. ನಡುವಿನ ಉಂಗುರದ ವಿಸ್ತೀರ್ಣ 0.039 ಚದರ ಮೀಟರ್. ಜಲ್ಲಿಯ ವಾಹಕತೆ ದಿನಕ್ಕೆ 1000 ಮೀಟರ್ ಇದ್ದು, 10 ಮೀಟರ್ ಜೇಡಿಯ ಉದ್ದಕ್ಕೆ 10 ಮೀಟರ್ ಹೆಡ್ ಅಂತರ ಇದ್ದರೆ ಹೆಚ್ಚೆಂದರೆ 39 ಘನ ಮೀಟರ್ ಇಳಿಯಬಹುದು. 461ರ ಮುಂದೆ ಸಣ್ಣದು, ಆದರೆ 100 ಚದರ ಕಿಲೋಮೀಟರ್ ಜೇಡಿ ಸೋರುವುದರ ಸುಮಾರು ನಾಲ್ಕು ಪಟ್ಟು.

ಆ ಎರಡು ಬಾವಿಗಳಿಗೆ ಮೇಲಿನ ಪದರದ ಜೊತೆ ಒಂದು ಸಂಪರ್ಕ ಸೇರಿಸಿ, ಅದರ ಕಂಡಕ್ಟೆನ್ಸ್ ಅನ್ನು ಸೂತ್ರದಿಂದ ತೆಗೆಯದೆ ನೇರವಾಗಿ ಅಂಕಿ ಕೊಟ್ಟು ಓಡಿಸುತ್ತಿದ್ದೇನೆ. ಸದ್ಯ ಅದು ಅಂದಾಜಿನ ಅಂಕಿ. ಕೊಳವೆಯೊಳಗೆ ಹರಿವಿನ ಮೀಟರ್ ಇಳಿಸಿದರೂ ಸಿಗದು, ಹರಿವು ಇರುವುದು ಕೊಳವೆಯ ಹೊರಗೆ. ಹಾಗಾಗಿ ಜಲ್ಲಿಯ ಉದ್ದಕ್ಕೂ ತಾಪಮಾನ ಅಳೆಯಬೇಕು. ಪಂಪ್ ಒಂದು ವಾರ ನಿಲ್ಲಿಸಿ, ಮೇಲಿನಿಂದ ತಳದವರೆಗೆ ಮೀಟರಿಗೊಂದರಂತೆ ಉಷ್ಣತೆ ತೆಗೆದುಕೊಳ್ಳಲು ಹೊರಟಿದ್ದೇವೆ. ಮೇಲಿನ ನೀರು ಇಳಿಯುತ್ತಿದ್ದರೆ ಜೇಡಿಯ ಎದುರಿಗೆ ಉಷ್ಣತೆಯ ಗೆರೆ ಆಳಕ್ಕೆ ತಕ್ಕಂತೆ ಏರದೆ ನೆಟ್ಟಗೆ ನಿಲ್ಲುತ್ತದೆ.